ಬಳಕೆಯಿಲ್ಲದ ಕೈ

ಪತ್ರ ಬಂದ ಹೊತ್ತಿಗೆ ಫಕ್ಕೀರವ್ವ ಪಡಸಾಲೆಯ ನೆಲದ ಮೇಲೆ ಕೌದಿ ಹರವಿಕೊಂಡು ಕೂತಿದ್ದಳು. ಕೆಳಗೆ ಹಳೆಯ ಸೀರೆಗಳ ನಾಲ್ಕು ಪದರು, ಮೇಲೆ ಮಕ್ಕಳ ಅಂಗಿಯ ತುಂಡುಗಳು. ಅಂಚಿನಿಂದ ಶುರುವಾಗಿ ಒಳಗೊಳಗೆ ಸುತ್ತಿ ಬರುವ ಹೊಲಿಗೆ ಇನ್ನೂ ಮೂರನೆಯ ಸುತ್ತಿನಲ್ಲಿತ್ತು. ಉಪಕೇಂದ್ರದ ನರ್ಸು ಲಲಿತಾ ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಬಕ್ಕೆ ಒರಗಿ ನಿಂತೇ ಓದಿದಳು.

"ನೋಂದಣಿ ಸಂಖ್ಯೆ ನಾಲ್ಕುನೂರಾ ಏಳು. ಬಲ ಮೊಣಕೈ. ಜೋಡಿಸಿ ಇಪ್ಪತ್ಮೂರು ವರ್ಷ. ಬುಶ್ ಸವೆದಿದೆ. ದಾಖಲೆಯ ಪ್ರಕಾರ ಕೈ ಬಳಕೆಯಲ್ಲಿಲ್ಲ. ಆದ್ದರಿಂದ ಈ ಸಲದ ಬುಶ್ ಬದಲಾವಣೆಯ ಪಟ್ಟಿಯಲ್ಲಿ ತಮ್ಮ ಹೆಸರನ್ನು ಸೇರಿಸಿಲ್ಲ."

ಫಕ್ಕೀರವ್ವ ಸೂಜಿಯನ್ನು ಆಚೆ ಬದಿಯಿಂದ ಎಳೆದು ದಾರ ಬಿಗಿ ಮಾಡಿದಳು.

"ಯಾರ ಕೈ ಬಳಕಿಲ್ಲ?"

"ನಿನ್ನ ಕೈ, ಫಕ್ಕೀರಕ್ಕ."

ಹೊತ್ತು ತಂದ ಕೊಡವನ್ನು ಅಡುಗೆಮನೆಯಲ್ಲಿ ಇಳಿಸಿ ಹೊರಬರುತ್ತಿದ್ದ ಪಕ್ಕದ ಮನೆಯ ಕಸ್ತೂರೆವ್ವ ಬಾಗಿಲಲ್ಲೇ ನಿಂತಳು. "ನನಗ ಮೊದಲ ಅನುಮಾನ ಇತ್ತು ನೋಡು," ಎಂದಳು. "ಇಕಿ ಕೈ ಬರೀ ಊಟಕ್ಕ ಐತಿ ಅಂತ. ಈಗ ಸರಕಾರದವ್ರೇ ಬರದು ಕಳಿಸ್ಯಾರ."

ಲಲಿತಾ ನಕ್ಕಳು. ಫಕ್ಕೀರವ್ವ ನಗಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, ಬಲಗೈಯನ್ನು ಒಮ್ಮೆ ಮಡಿಚಿ, ಒಮ್ಮೆ ಚಾಚಿ ನೋಡಿಕೊಂಡಳು. ಈಚೆಗೆ ಒಂದು ವರ್ಷದಿಂದ ಮಡಿಚುವಾಗ ಒಳಗೆ ಸಣ್ಣಗೆ ಕಟ್ ಎನ್ನುತ್ತಿತ್ತು. ಆ ಸದ್ದನ್ನು ಅವಳು ಕಸ್ತೂರೆವ್ವನಿಗೂ ಹೇಳಿರಲಿಲ್ಲ.

ಮೂವತ್ತನೆಯ ವಯಸ್ಸಿಗೆ ಹಿಡಿದ ಸಂಧಿವಾತ ಅವಳ ಬೆರಳುಗಳನ್ನು ಓರೆ ಮಾಡಿ, ಮುಂಗೈಯನ್ನು ಊದಿಸಿ, ಕೊನೆಗೆ ಬಲ ಮೊಣಕೈಯ ಕೀಲನ್ನೇ ತಿಂದು ಹಾಕಿತ್ತು. ನಲವತ್ನಾಲ್ಕಕ್ಕೆ ಬರುವಾಗ ಆ ಕೈ ಬಾಯಿಗೆ ಮುಟ್ಟುತ್ತಿರಲಿಲ್ಲ. ನಾದಿನಿ ರೊಟ್ಟಿ ಮುರಿದು ತಿನ್ನಿಸಬೇಕಿತ್ತು. ತುರುಬನ್ನು ಯಾರೋ ಕಟ್ಟಬೇಕಿತ್ತು, ಬೆಳಿಗ್ಗೆ ಬಯಲಿಗೆ ಹೋದರೆ ಯಾರೋ ಜೊತೆಗೆ ಬರಬೇಕಿತ್ತು. ನೋವಿಗಿಂತ ಇದು ಅವಳನ್ನು ಹೆಚ್ಚು ಸುಟ್ಟಿತ್ತು. ಆಗ ಹೊಸ ಕೀಲು ಹಾಕಿದರು. ತೋಳಿನ ಎಲುಬಿನೊಳಗೆ ಒಂದು ಲೋಹದ ಕಡ್ಡಿ, ಮುಂಗೈ ಎಲುಬಿನೊಳಗೆ ಇನ್ನೊಂದು. ಎರಡೂ ಕೂಡುವಲ್ಲಿ ಬಾಗಿಲ ತಿರುಗಣಿಯಂಥ ಒಂದು ಕೀಲು. ಲೋಹಕ್ಕೆ ಲೋಹ ತಿಕ್ಕದಂತೆ ನಡುವೆ ಪ್ಲಾಸ್ಟಿಕ್ಕಿನ ಬುಶ್. ಆ ಬುಶ್ ಪೂರ್ತಿ ಸವೆದರೆ ಲೋಹದ ಕಪ್ಪು ಪುಡಿ ಮಾಂಸದೊಳಗೆ ಇಳಿಯುತ್ತದೆ, ಎಲುಬಿನೊಳಗಿನ ಕಡ್ಡಿಗಳು ಸಡಿಲವಾಗುತ್ತವೆ. ಆಮೇಲೆ ಎಲ್ಲವನ್ನೂ ತೆಗೆದು ಹಾಕುವುದೊಂದೇ ದಾರಿ. ಅರವತ್ತೇಳರ ಎಲುಬಿಗೆ ಮತ್ತೊಂದು ಕೀಲನ್ನು ಹಿಡಿಯುವ ಶಕ್ತಿ ಇರುವುದಿಲ್ಲ. ಕೈ ಮೊದಲಿನಂತೆ, ಮೊದಲಿಗಿಂತ ಕೀಳಾಗಿ, ಜೋತು ಬೀಳುತ್ತದೆ.

"ಫೋನ್ ಹಚ್ಚು ಅವರಿಗೆ," ಎಂದಳು ಫಕ್ಕೀರವ್ವ.

*

ಆ ಮೊಣಕೈಗೆ ನೆನಪಿತ್ತು. ಕಡ್ಡಿಯೊಳಗೆ ಅಕ್ಕಿಕಾಳಿನಷ್ಟು ಒಂದು ಹರಳು. ಒತ್ತಿದರೆ ಹನಿ ವಿದ್ಯುತ್ತು ಹುಟ್ಟಿಸುವಂಥದು. ಬ್ಯಾಟರಿ ಬೇಡ, ಚಾರ್ಜು ಬೇಡ. ಕೈ ಎಷ್ಟು ಬಾಗಿತು, ಅದರ ಮೇಲೆ ಎಷ್ಟು ಭಾರ ಬಿತ್ತು ಎಂಬುದನ್ನು ಆ ಹನಿಯ ಬಲದಲ್ಲೇ ಅದು ಬರೆದುಕೊಳ್ಳುತ್ತಿತ್ತು. ತಿಂಗಳಿಗೊಮ್ಮೆ ಉಪಕೇಂದ್ರದಲ್ಲಿ ತೋಳಿಗೆ ಪಟ್ಟಿ ಸುತ್ತಿದರೆ ಬರೆದದ್ದೆಲ್ಲ ಧಾರವಾಡದ ಕೀಲು ದಾಖಲೆ ಕೇಂದ್ರಕ್ಕೆ ಹೋಗುತ್ತಿತ್ತು. ಅಲ್ಲಿ ಹನ್ನೊಂದು ಸಾವಿರ ಕೀಲುಗಳ ನೆನಪುಗಳು ಒಟ್ಟಿಗಿದ್ದವು.

ಆ ನೆನಪುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ದಾವಲಸಾಬ ನದಾಫ. ಅಪ್ಪ ಅಜ್ಜ ಹತ್ತಿ ಹಿಂಜಿ ಗಾದಿ ಹೊಲಿದವರು; ಅವನ ಪಾಲಿಗೆ ಈ ಕೆಲಸ ಬಂದಿತ್ತು. ನಾಲ್ಕುನೂರಾ ಏಳನೆಯ ಕೀಲು ಅವನನ್ನು ಒಂದು ವಾರದಿಂದ ಕಾಡುತ್ತಿತ್ತು. ಆ ಕಾಲದ ಮೊಣಕೈಗಳು ಹತ್ತು ಹನ್ನೆರಡು ವರ್ಷಕ್ಕೆ ಸಡಿಲಾಗತೊಡಗಿದ್ದವು. ಹದಿನೈದು ದಾಟಿದ್ದು ಕೆಲವೇ. ಇದಕ್ಕೆ ಇಪ್ಪತ್ಮೂರು. ಕಡ್ಡಿ ಎಲುಬಿನೊಳಗೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ದಾಖಲೆಯಲ್ಲಿ ಬೆರಳೆಣಿಕೆಯ ಸಲ ಬಿಟ್ಟರೆ ಭಾರವೇ ಇಲ್ಲ, ವರ್ಷಗಟ್ಟಲೆ ಸೊನ್ನೆ. ಓಡದ ಬಂಡಿಯ ಅಚ್ಚು ಸವೆಯುವುದಿಲ್ಲ ಎಂದು ಸಮಿತಿ ಬೇಗ ತೀರ್ಮಾನಕ್ಕೆ ಬಂದಿತ್ತು.

ಆದರೆ ಬುಶ್ ಸವೆದಿತ್ತು. ಓಡದ ಬಂಡಿಯ ಬುಶ್ ಸವೆದದ್ದು ಹೇಗೆ? "ಪ್ಲಾಸ್ಟಿಕ್ಕಿಗೂ ವಯಸ್ಸಾಗುತ್ತದಲ್ಲ," ಎಂದಿದ್ದರು ಸಮಿತಿಯ ಒಬ್ಬರು. ಆ ಉತ್ತರ ನದಾಫನ ಗಂಟಲಲ್ಲಿ ಇಳಿದಿರಲಿಲ್ಲ.

ಪತ್ರ ತಲುಪಿದ ದಿನ ಮಧ್ಯಾಹ್ನವೇ ಅವನಿಗೆ ಫೋನು ಬಂತು.

"ನನ್ನ ಕೈ ಬಳಕಿಲ್ಲ ಅಂತ ಯಾರು ಹೇಳಿದ್ರು?"

"ಯಂತ್ರದ ದಾಖಲೆ ಐತಿ, ಅವ್ವಾರ."

"ಆ ಯಂತ್ರಕ್ಕ ಹೇಳ್ರಿ, ಬಂದು ಒಂದು ದಿನ ನನ್ನ ಮನ್ಯಾಗ ಇರ್ಲಿ. ಜ್ವಾಳದ ರೊಟ್ಟಿ ಹಾಕತೇನಿ."

ಯಂತ್ರ ಹೋಗುವಂತಿರಲಿಲ್ಲ. ಮರುದಿನದ ಮೊದಲ ಬಸ್ಸಿಗೆ ನದಾಫನೇ ಹೋದ. ಪಟ್ಟಿಯನ್ನು ಅಖೈರು ಮಾಡುವ ಸಭೆಗೆ ಇನ್ನು ಎಂಟು ದಿನವಿತ್ತು.

*

ಮಸಳಿಕೊಪ್ಪ ಎರೆಹೊಲಗಳ ನಡುವಿನ ಊರು. ಕಡಲೆ ಕಿತ್ತು ಮುಗಿದು ಎಲ್ಲರ ಅಂಗಳದಲ್ಲಿ ಕಾಳು ಹಸನಾಗುವ ದಿನಗಳು. ನದಾಫ ಫಕ್ಕೀರವ್ವನ ತೋಳಿಗೆ ಪಟ್ಟಿ ಸುತ್ತಿ, ಹಲಗೆಯಂಥ ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತ.

"ನಾ ಏನ್ ಮಾಡ್ಲಿ ಸಾಹೇಬ್ರ?"

"ದಿನಾ ಏನ್ ಮಾಡತೀರೋ ಅದು."

ಅವಳು ಮಾಡಿದಳು. ಮೊದಲು ಮೊರದಲ್ಲಿ ಎರಡು ಹಿಡಿ ಕಡಲೆ ಹಾಕಿಕೊಂಡು ಕಲ್ಲು ಆರಿಸಿದಳು. ಎರಡು ಹಿಡಿ ಮುಗಿದ ಮೇಲೆ ಮತ್ತೆರಡು. ಮೊರವನ್ನು ಎತ್ತಲಿಲ್ಲ, ನೆಲದ ಮೇಲೇ ಇಟ್ಟು ಕೈಯಾಡಿಸಿದಳು. ಆಮೇಲೆ ಹೂಬತ್ತಿ ಹೊಸೆದಳು. ಶಾಲೆಗೆ ಹೊರಟ ಮೂರು ಹುಡುಗಿಯರು ಸಾಲಾಗಿ ಬಂದು ಮುಂದೆ ಕೂತರು, ಜಡೆ ಹೆಣೆಸಿಕೊಂಡು ಹೋದರು. ಅವರು ಅವಳ ಮನೆಯ ಮಕ್ಕಳಲ್ಲ. ಆಮೇಲೆ ಕೌದಿ. ಅದರ ತೂಕ ಕೈಗೆ ಬೀಳದಂತೆ ಒಂದು ಅಂಚನ್ನು ಗೋಡೆಯ ಗೂಟಕ್ಕೆ ಕಟ್ಟಿದ್ದಳು. ಓರೆಯಾದ ಬೆರಳುಗಳು ಸೂಜಿ ಹಿಡಿಯಲಾರವು. ಹೆಬ್ಬೆರಳಿಗೂ ಅಂಗೈಗೂ ನಡುವೆ ಅದನ್ನು ಸಿಕ್ಕಿಸಿಕೊಂಡು ಮೊಣಕೈಯಿಂದ ತಳ್ಳುತ್ತಿದ್ದಳು. ಒಂದೊಂದು ಹೊಲಿಗೆಗೂ ಮೊಣಕೈ ಬಾಗುತ್ತಿತ್ತು, ಚಾಚುತ್ತಿತ್ತು.

ಪರದೆಯ ಮೇಲೆ ಸೊನ್ನೆ. ಗಂಟೆಯಾಯಿತು, ಸೊನ್ನೆ.

ನಡುನಡುವೆ ಬೇರೆ ಹೆಂಗಸರು ಬಂದು ಹೋದರು. ಒಬ್ಬಳು ಹಿಟ್ಟು ನಾದಿಕೊಟ್ಟಳು, ಒಬ್ಬಳು ಬಟ್ಟೆಯ ಗಂಟನ್ನು ಹೊತ್ತು ಹಳ್ಳಕ್ಕೆ ಹೋದಳು. ಕಸ್ತೂರೆವ್ವ ಅರ್ಧ ಚೀಲ ಜೋಳವನ್ನು ಟಗರನ್ನು ಎಳೆಯುವಂತೆ ಎಳೆದು ಮೂಲೆಗೆ ನಿಲ್ಲಿಸಿದಳು.

"ಇವರೆಲ್ಲಾ ನಿಮ್ಮ ಬೀಗರೇನು?" ಎಂದ ನದಾಫ.

"ಬೀಗರು ಯಾಕ ಬರತಾರ್ರಿ ಕೆಲಸಕ್ಕ?" ಎಂದಳು ಕಸ್ತೂರೆವ್ವ. "ಇದು ಮುಯ್ಯಿ. ನಮ್ಮ ಹೊಲದಾಗ ನೀವು ಒಂದು ದಿನ, ನಿಮ್ಮ ಹೊಲದಾಗ ನಾವು ಒಂದು ದಿನ. ನಿಮ್ಮ ಕಡೆ ಇಲ್ಲೇನು?"

"ಐತಿ. ಆದ್ರ ಅದು ಹೊಲದ ಕೆಲಸಕ್ಕ."

"ಇಕಿ ದವಾಖಾನಿಯಿಂದ ಬಂದಾಗ ನಮ್ಮೊಳಗೂ ಜಗಳ ಆಗಿತ್ತು. ನಾವು ಕೊಡ ಹೊರೂದು, ಇಕಿ ಬತ್ತಿ ಹೊಸಿಯೂದು, ಇದು ಯಾವ ಸೀಮಿ ಮುಯ್ಯಿ ಅಂತ. ನಾನ ಹೇಳಿದೆ. ಮುಯ್ಯಿ ಅಂದ್ರ ದಿನಕ್ಕ ದಿನ. ಭಾರಕ್ಕ ಭಾರ ಅಲ್ಲ. ನಿನ್ನ ಒಂದು ದಿನ ನನ್ನ ಒಂದು ದಿನಕ್ಕ ಸಮ. ಹಂಗ ಇಲ್ಲದಿದ್ರ ಆನಿ ಕೂಡನ ಮುಯ್ಯಿ ಮಾಡಬೇಕಾಗತೈತಿ."

ಫಕ್ಕೀರವ್ವ ತಲೆ ಎತ್ತದೆ ಹೇಳಿದಳು. "ಒಂದು ಕೇಜಿ ಮ್ಯಾಲ ಎತ್ತಬ್ಯಾಡ ಅಂದಿದ್ರು ಡಾಕ್ಟರಬಾಯಿ. ಬರೂ ದಾರ್ಯಾಗ ಕಿರಾಣಿ ಅಂಗಡ್ಯಾಗ ಇಳದು ಒಂದು ಕೇಜಿ ಸಕ್ಕರಿ ತೂಗಸಿ ಕೈಯಾಗ ಹಿಡದು ನೋಡಿದೆ. ಆಮ್ಯಾಲ ಮನಸ್ನ್ಯಾಗ ಅದನ್ನ ಅರ್ಧ ಮಾಡಿದೆ. ಊರೆಲ್ಲಾ ಕೂಡಿ ಉಳಿಸಿಕೊಟ್ಟ ಕೈ. ನಾನೊಬ್ಬಾಕಿ ಕೆಡಿಸಿದ್ರ ಹೆಂಗ?"

ನದಾಫ ಪರದೆ ನೋಡಿದ. ಸೊನ್ನೆ. ಕಣ್ಣೆದುರಿಗೆ ಮೊಣಕೈ ಬಾಗುತ್ತಿತ್ತು, ಪರದೆಯಲ್ಲಿ ಸೊನ್ನೆ. ಆ ಸೊನ್ನೆಯನ್ನು ಬರೆದವನು ಯಾರೆಂದು ಅವನಿಗೆ ಆಗ ನೆನಪಾಯಿತು.

ಇಪ್ಪತ್ತೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ, ಹಳ್ಳಿಗಳಿಂದ ಬರುವ ದಾಖಲೆಗಳೆಲ್ಲ ಗಜಿಬಿಜಿಯಾಗಿದ್ದವು. ಬಸ್ಸಿನ ಕುಲುಕು, ಟ್ರ್ಯಾಕ್ಟರಿನ ನಡುಕ, ಕೆಮ್ಮು, ಎಲ್ಲವನ್ನೂ ಹರಳು ಬರೆದುಕೊಳ್ಳುತ್ತಿತ್ತು. ಹುಡುಗನಾಗಿದ್ದ ನದಾಫ ಅದಕ್ಕೊಂದು ಜರಡಿ ಬರೆದ. ಕೈಯಲ್ಲಿ ನಾನೂರು ಗ್ರಾಂ ಹಿಡಿದಷ್ಟು ಭಾರ ಬೀಳದಿದ್ದರೆ ಅದು ಕೆಲಸವಲ್ಲ, ಬರೀ ಕುಲುಕು. ಅಳಿಸು. ದಾಖಲೆಗಳು ಒಂದೇ ದಿನದಲ್ಲಿ ಚೊಕ್ಕಟವಾದವು. ಎಲ್ಲರೂ ಬೆನ್ನು ತಟ್ಟಿದ್ದರು. ನಾನೂರು ಗ್ರಾಮಿನ ಕೆಳಗೆ ಒಬ್ಬ ಹೆಂಗಸಿನ ಇಡೀ ಬದುಕು ಇರಬಹುದೆಂದು ಆ ವಯಸ್ಸಿನಲ್ಲಿ ಅವನಿಗೆ ಹೊಳೆದಿರಲಿಲ್ಲ.

ಅವನು ಜರಡಿಯನ್ನು ನಿಲ್ಲಿಸಿದ. ಪರದೆ ತುಂಬಿಕೊಂಡಿತು. ಗಿಡ್ಡ ಗಿಡ್ಡ ಗೆರೆಗಳು, ಕೂರಿಗೆ ಬಿತ್ತಿದ ಜೋಳ ಮೊಳೆತ ಹಾಗೆ, ಒಂದೇ ಅಂತರ, ಒಂದೇ ಎತ್ತರ. ಫಕ್ಕೀರವ್ವನ ಸೂಜಿ ಒಮ್ಮೆ ಹೋಗಿ ಬಂದರೆ ಒಂದು ಗೆರೆ.

"ತಪ್ಪು ನಂದು, ಅವ್ವಾರ," ಎಂದ. ಏನಾಯಿತೆಂದು ಅವರಿಗೆ ಬಿಡಿಸಿ ಹೇಳಿದ.

ಕಸ್ತೂರೆವ್ವ ಸೊಂಟಕ್ಕೆ ಕೈಯಿಟ್ಟು ಕೇಳಿಸಿಕೊಂಡಳು. "ಜರಡಿ ಹಿಡದು ಮ್ಯಾಲ ಉಳದದ್ದು ಇಟ್ಟುಕೊಂಡ್ರಿ, ಕೆಳಗ ಬಿದ್ದದ್ದು ಚೆಲ್ಲಿದ್ರಿ?"

"ಹೌದ್ರಿ."

"ಕೆಳಗ ಬೀಳೂದ ಹಿಟ್ಟಲ್ಲೇನ್ರಿ, ಸಾಹೇಬ್ರ! ಮ್ಯಾಲ ಉಳಿಯೂದು ತೌಡು. ನಿಮ್ಮ ಮನ್ಯಾಗ ರೊಟ್ಟಿ ಯಾರು ಮಾಡತಾರ?"

ಫಕ್ಕೀರವ್ವ ದಾರವನ್ನು ಹಲ್ಲಿನಿಂದ ಕಡಿದಳು. "ಬಿಡಲೇ ಕಸ್ತೂರಿ. ಹೊಲಿಗಿ ತಪ್ಪಿದ್ರ ಬಿಚ್ಚಿ ಮತ್ತ ಹೊಲೀಬೇಕು, ಅಷ್ಟ. ಚೆಲ್ಲಿದ್ದು ಸಿಗತೈತೇನ್ರಿ?"

"ಚೆಲ್ಲಿಲ್ಲ. ಒಂದು ಮೂಲ್ಯಾಗ ಐತಿ."

*

ಕೇಂದ್ರದಲ್ಲಿ ಒಂದು ಹಳೆಯ ನಿಯಮವಿತ್ತು: ಸೋಸುವ ಮೊದಲಿನ ದಾಖಲೆಯನ್ನು ನಾಶ ಮಾಡಬಾರದು. ಯಾರೂ ತೆರೆದು ನೋಡದ ಆ ದಾಖಲೆಗಳನ್ನು ನದಾಫ ಐದು ದಿನ ಕೂತು ತೆಗೆದ. ಕುಲುಕನ್ನೂ ಕೆಲಸವನ್ನೂ ಬೇರ್ಪಡಿಸಲು ಈ ಸಲ ತೂಕವನ್ನು ಕೇಳಲಿಲ್ಲ. ಬಾಗದ ಕೈಗೆ ಬಿದ್ದ ಒತ್ತಡ ಕುಲುಕು. ಬಾಗುವ ಕೈಗೆ ಬಿದ್ದದ್ದು ಕೆಲಸ. ಇಷ್ಟು ಸರಳವಾದದ್ದು ಅಂದು ಏಕೆ ತೋಚಲಿಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಲೆಕ್ಕ ಮುಗಿಸಿ ಯಂತ್ರ ಒಂದು ಸಂಖ್ಯೆ ತೋರಿಸಿದಾಗ ತಪ್ಪಾಗಿರಬೇಕೆಂದು ಮತ್ತೆರಡು ಸಲ ಓಡಿಸಿದ. ಅದೇ ಬಂತು.

ಸಭೆಯ ದಿನ ಫಕ್ಕೀರವ್ವ ಇಳಕಲ್ ಸೀರೆಯುಟ್ಟು ಬಂದು ಕುರ್ಚಿಯ ತುದಿಗೆ ಕೂತಳು. ಪಕ್ಕದಲ್ಲಿ ಕಸ್ತೂರೆವ್ವ. ಸಮಿತಿಯ ಮುಖ್ಯಸ್ಥೆ ಡಾಕ್ಟರ್ ಶಶಿಕಲಾ ಹಂಪಿಹೊಳಿ; ಇಪ್ಪತ್ಮೂರು ವರ್ಷದ ಹಿಂದೆ ಈ ಮೊಣಕೈಯನ್ನು ಕೂಡಿಸಿದವರು ಅವರೇ. ಅಂಥ ಕೈಗಳನ್ನು ನೂರಾರು ಕೂಡಿಸಿದ್ದರಿಂದ ಮುಖ ನೆನಪಿರಲಿಲ್ಲ.

"ಇಪ್ಪತ್ಮೂರು ವರ್ಷದಲ್ಲಿ ಈ ಕೈ ನಾಲ್ಕು ಕೋಟಿ ಹತ್ತೊಂಬತ್ತು ಲಕ್ಷ ಸಲ ಬಾಗಿ ಚಾಚಿದೆ, ಮೇಡಂ," ಎಂದ ನದಾಫ. "ಪಟ್ಟಿಯಲ್ಲಿರುವ ಯಾವ ಕೈಯೂ ಅದರ ಅರ್ಧಕ್ಕೂ ಬಂದಿಲ್ಲ. ಒಂದು ಕೇಜಿ ದಾಟಿದ್ದು ಹನ್ನೊಂದೇ ಸಲ."

ಹಂಪಿಹೊಳಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಗೆರೆಗಳನ್ನು ನೋಡಿದರು. ಅವರ ಬೆರಳು ಒಂದು ಕಡೆ ನಿಂತಿತು.

"ಹನ್ನೊಂದರಲ್ಲಿ ಒಂದು ಆರು ಕೇಜಿ. ಒಂಬತ್ತು ವರ್ಷದ ಹಿಂದೆ, ಕಾಲು ಗಂಟೆ. ಏನದು?"

ಫಕ್ಕೀರವ್ವನ ಮುಖ ಇಳಿಯಿತು. "ಮೊಮ್ಮಗಳ್ರಿ. ಐದು ತಿಂಗಳದಾಕಿ. ಹುಟ್ಟಿದಾಗಿಂದ ಎತ್ತಿರಲಿಲ್ಲ. ಮಗ್ಗಲಾಗ ಹಾಕ್ಕೊಂಡು ಆಡಸತಿದ್ದೆ. ಆವತ್ತೊಂದಿನ ಮನ್ಯಾಗ ಯಾರೂ ಇರಲಿಲ್ಲ. ಎತ್ತಿಗೊಂಡೆ. ಬೈಯ್ರಿ ಬೇಕಾದ್ರ."

ಡಾಕ್ಟರು ಬೈಯಲಿಲ್ಲ. ಪಟ್ಟಿಯ ಮೇಲೆ ಕಣ್ಣಾಡಿಸಿದರು.

"ಬುಶ್ ಇರುವುದು ನಲವತ್ತು," ಎಂದರು ಆಮೇಲೆ. "ಈ ಮಾದರಿ ಮಾಡುವವರು ಯಾರೂ ಉಳಿದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಾವೇ ಎರಕ ಹಾಕಿಸುತ್ತೇವೆ. ಇವರನ್ನು ಸೇರಿಸಿದರೆ ಒಬ್ಬರನ್ನು ತೆಗೆಯಬೇಕು. ಅವರಿಗೆ ಏನು ಹೇಳಲಿ?"

ಈ ಪ್ರಶ್ನೆ ಬರುತ್ತದೆಂದು ನದಾಫನಿಗೆ ಗೊತ್ತಿತ್ತು. "ಯಾರು ಎಷ್ಟು ಬಳಸುತ್ತಾರೆ ಎಂದು ನೋಡುವುದೇ ತಪ್ಪು, ಮೇಡಂ. ಆ ಅಳತೆಯೇ ನನ್ನ ಜರಡಿಯಿಂದ ಬಂದದ್ದು. ಯಾರ ಬುಶ್ ಮೊದಲು ಮುಗಿಯುತ್ತದೆ ಎಂದಷ್ಟೇ ನೋಡೋಣ. ಹಾಗೆ ನೋಡಿದರೆ ಇವರದು ನಾಲ್ಕನೆಯದು. ನಲವತ್ತನೆಯವರದು ಇನ್ನೂ ಐದು ವರ್ಷ ಬಾಳುತ್ತದೆ, ಅಷ್ಟರೊಳಗೆ ಮುಂದಿನ ಎರಕ ಬರುತ್ತದೆ."

"ಬಾಳದಿದ್ದರೆ?"

"ತಿಂಗಳಿಗೊಮ್ಮೆ ನಾನೇ ನೋಡುತ್ತೇನೆ."

ಕಸ್ತೂರೆವ್ವನಿಗೆ ತಡೆಯಲಾಗಲಿಲ್ಲ. "ಡಾಕ್ಟರಬಾಯಾರ, ನಾ ಒಂದು ಮಾತಾಡ್ಲೇನ್ರಿ? ಆ ಕೈಯಾಗ ನಾವು ಹೊತ್ತ ನೀರೂ ಐತ್ರಿ. ಅದನ್ನ ಬಳಕಿಲ್ಲ ಅಂದ್ರ ನಮ್ಮನ್ನೂ ಅಂದಂಗರಿ."

ಹಂಪಿಹೊಳಿ ಅವಳನ್ನು ದಿಟ್ಟಿಸಿ ನೋಡಿದರು. ಆಮೇಲೆ ಪಟ್ಟಿಯನ್ನು ಎಳೆದುಕೊಂಡು ನಲವತ್ತನೆಯ ಹೆಸರಿನ ಮುಂದೆ ಗುರುತು ಹಾಕಿದರು. "ಇವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ," ಎಂದು, ನಾಲ್ಕನೆಯ ಸಾಲಿನಲ್ಲಿ ಕೈಬರಹದಲ್ಲೇ ಫಕ್ಕೀರವ್ವ ಎಂದು ಬರೆದರು.

*

ಶಸ್ತ್ರಕ್ರಿಯೆ ಒಂದು ಗಂಟೆಯ ಕೆಲಸ. ಹಳೆಯ ಗಾಯದ ಗುರುತಿನ ಮೇಲೇ ಹಂಪಿಹೊಳಿ ಚರ್ಮ ಬಿಡಿಸಿದರು. ಕೀಲಿನ ಮೊಳೆ ತೆಗೆದು ಬುಶ್ಶನ್ನು ಹೊರಗೆಳೆದು ಬೆಳಕಿಗೆ ಹಿಡಿದರು. ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗೆ, ಆಚೆಯ ದೀಪ ಕಾಣುವಷ್ಟು. ಆದರೆ ಎಲ್ಲೂ ಹರಿದಿರಲಿಲ್ಲ, ಲೋಹಕ್ಕೆ ಲೋಹ ಮುಟ್ಟಿರಲಿಲ್ಲ. ಮಾಂಸದಲ್ಲಿ ಕಪ್ಪು ಇರಲಿಲ್ಲ. ಒಂದು ಬದಿಗೆ ಓರೆಯಾಗದೆ ಸುತ್ತಲೂ ಒಂದೇ ಸಮನೆ ಸವೆದಿತ್ತು. ಕಡ್ಡಿಯನ್ನು ಹಿಡಿದು ಅಲುಗಿಸಿ ನೋಡಿದರು. ಎಲುಬು ಅದನ್ನು ಬೇವಿನ ಬೇರು ಕಲ್ಲನ್ನು ಅಪ್ಪಿದ ಹಾಗೆ ಹಿಡಿದಿತ್ತು.

"ಬಂದು ನೋಡಿ," ಎಂದು ಅವರು ಕಲಿಯುವ ಡಾಕ್ಟರರನ್ನು ಹತ್ತಿರ ಕರೆದರು. "ನಾವು ಕೂಡಿಸಿದ್ದು ಒಂದು ಬೆಳಿಗ್ಗೆ. ಇವರು ಕಾಯ್ದದ್ದು ಇಪ್ಪತ್ಮೂರು ವರ್ಷ. ಒಳ್ಳೆಯ ಶಸ್ತ್ರಕ್ರಿಯೆ ಅಂದರೆ ಏನು ಎಂದು ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ಬರೆಯಿರಿ."

ಹೊಸ ಬುಶ್ ಕೂತಿತು. ಕೈಯನ್ನು ಮಡಿಚಿ ಚಾಚಿದರು. ಸದ್ದಿರಲಿಲ್ಲ.

ಮೂರನೆಯ ದಿನದ ಬೆಳಿಗ್ಗೆ ನದಾಫ ವಾರ್ಡಿಗೆ ಬಂದಾಗ ಫಕ್ಕೀರವ್ವ ತಾನೇ ಚಹಾದ ಲೋಟ ಎತ್ತಿ ಕುಡಿಯುತ್ತಿದ್ದಳು. ಅವನ ಕಣ್ಣುಗಳು ಕೆಂಪಾಗಿದ್ದವು, ಬಗಲಲ್ಲಿ ಪರದೆಯ ಹಲಗೆಯಿತ್ತು.

"ನಿಮ್ಮಂಥಾ ಕೈ ಇನ್ನೂ ಮುನ್ನೂರಾ ಹನ್ನೆರಡು ಇದ್ದವು, ಅವ್ವಾರ. ಬುಶ್ ಸದ್ಯ ಗಟ್ಟಿ ಅದಾವ, ಆದ್ರ ಬಳಕಿಲ್ಲ ಅಂತ ಬರದಿಟ್ಟಿದ್ವಿ. ಎಲ್ಲಾನೂ ಬಿಚ್ಚಿದೆ. ಅದರಾಗ ಇನ್ನೂರಾ ತೊಂಬತ್ತೆಂಟು ಕೆಲಸ ಮಾಡಾಕತ್ಯಾವು."

"ಹೌದಾ?" ಅವಳು ಲೋಟ ಇಳಿಸಿದಳು. "ಏನ್ ಕೆಲಸ?"

"ಅದ ತಿಳೀವಲ್ದು. ಗೆರಿ ಕಾಣತಾವ, ಕೆಲಸ ಕಾಣಂಗಿಲ್ಲ." ಹಲಗೆಯನ್ನು ಅವಳ ಕಡೆ ತಿರುಗಿಸಿದ. "ಇದು ನೋಡ್ರಿ. ವರ್ಷೆಲ್ಲಾ ಸುಮ್ಮನ, ಬ್ಯಾಸಗಿ ಬಂದ್ರ ಎರಡು ತಿಂಗಳ ಬಿಡುವಿಲ್ಲ. ಮುಂದ ಹಿಂದ, ಮುಂದ ಹಿಂದ."

"ಶ್ಯಾವಿಗಿ ಹೊಸೀತಾಳ. ಮಣಿ ಮ್ಯಾಲ ಕುಂತು." ಅವಳಿಗೆ ಯೋಚಿಸಬೇಕಾಗಲಿಲ್ಲ.

ನದಾಫ ಬರೆದುಕೊಂಡ. "ಇದು? ಮುಂಜಾನಿ ಅರ್ಧ ತಾಸು, ದಿನಾ. ಉದ್ದಕ ಎಳದು ಬಿಡೂದು, ಎಳದು ಬಿಡೂದು."

"ಮಜ್ಜಿಗಿ ಕಡೀತಾಳ. ಸಣ್ಣ ಗಡಿಗ್ಯಾಗ. ದೊಡ್ಡದಾದ್ರ ಕೈ ಸೋಲತಿತ್ತು."

ಹತ್ತು, ಹದಿನೈದು ಕೈಗಳನ್ನು ಅವಳು ಹಾಗೆಯೇ ಗುರುತಿಸಿದಳು. ಒಂದು ಹೂ ಕಟ್ಟುವುದು. ಒಂದು ತೊಟ್ಟಿಲು ತೂಗುವುದು. ಒಂದು ಬೀಡಿ ಸುತ್ತುವುದು. ಪಕ್ಕದ ಹಾಸಿಗೆಯ ಹೆಂಗಸೂ ಎದ್ದು ಕೂತು ಕಿವಿಗೊಟ್ಟಳು. ಆಮೇಲೆ ಒಂದು ಗೆರೆಯ ಮುಂದೆ ಫಕ್ಕೀರವ್ವ ತಡೆದಳು. ಮೂರು ಗಿಡ್ಡ, ಒಂದು ಉದ್ದ. ಸ್ವಲ್ಪ ಬಿಡುವು. ಮತ್ತೆ ಮೂರು ಗಿಡ್ಡ, ಒಂದು ಉದ್ದ. ಹದಿನೇಳು ವರ್ಷದಿಂದ, ಒಂದು ದಿನವೂ ತಪ್ಪದೆ. ಭಾರ ಒಂದು ಹಿಡಿ ಹತ್ತಿಗಿಂತ ಹೆಚ್ಚಿಲ್ಲ.

ಅವಳು ತನ್ನ ಕಟ್ಟಿದ ಕೈಯನ್ನು ಮೆಲ್ಲಗೆ ಆಡಿಸಿ ನೋಡಿದಳು. ಮೂರು ಗಿಡ್ಡ, ಒಂದು ಉದ್ದ. ತಲೆ ಅಲ್ಲಾಡಿಸಿದಳು. ಮತ್ತೊಮ್ಮೆ ಆಡಿಸಿದಳು.

"ಇಲ್ರಿ, ಇದು ನನಗೂ ತಿಳೀವಲ್ದು. ಏನ್ ಮಾಡತಿರಬೇಕು ಈ ತಾಯಿ? ಯಾವೂರು?"

"ಲಿಂಗಸೂರಿನ ಕಡೆ ಒಂದು ಹಳ್ಳಿ."

"ಅಲ್ಲಿಗೆ ಬಸ್ ಐತೇನು?"

"ಐತಿ. ಹತ್ತೂವರಿಗೆ."

ಫಕ್ಕೀರವ್ವ ಗೋಡೆಯ ಗಡಿಯಾರ ನೋಡಿದಳು. "ಹಂಗಾರ ಇಲ್ಲಿ ಯಾಕ ಕುಂತೀರಿ, ಸಾಹೇಬ್ರ? ಏಳ್ರಿ. ಹೋಗಿ ಆಕೀನ ಕೇಳ್ರಿ. ಬಂದು ನನಗೂ ಹೇಳ್ರಿ."